ಹದಿನೆಂಟರ ಹುಡುಗನಲ್ಲಿ ಇಪ್ಪತ್ತೈದರ ಆಟಗಾರನನ್ನು ಕಾಣುವುದು ಹೇಗೆ?

ಪ್ರಶ್ನೆ: ನಾನು ಹದಿನಾರರಿಂದ ಹತ್ತೊಂಬತ್ತು ವರ್ಷದ ಹುಡುಗರಿಗೆ ವಾಲಿಬಾಲ್ ಕಲಿಸುತ್ತೇನೆ. ನನ್ನ ಇಬ್ಬರು ಹುಡುಗರು ರಾಷ್ಟ್ರೀಯ ಪುರುಷರ ತಂಡದ ಆಯ್ಕೆ ಶಿಬಿರಕ್ಕೆ ಹೋಗಿದ್ದರು. ಒಬ್ಬನಿಗೆ ಹದಿನೆಂಟು, 2.02 ಮೀಟರ್ ಎತ್ತರ, ಜೋರು ಜಿಗಿತ. ಅವನು ಆಯ್ಕೆಯಾದ. ಇನ್ನೊಬ್ಬನಿಗೂ ಹದಿನೆಂಟೇ, 1.89 ಮೀಟರ್. ರಿಸೀವ್‌ನಲ್ಲಿ, ಅಂದರೆ ಎದುರಾಳಿಯ ಸರ್ವ್ ತೆಗೆದುಕೊಳ್ಳುವುದರಲ್ಲಿ, ಅವನ ಕೈ ತಪ್ಪುವುದೇ ಅಪರೂಪ. ಅವನನ್ನು ಬಿಟ್ಟರು. ಕಿರಿಯರನ್ನು ಹಿರಿಯರ ತಂಡಕ್ಕೆ ಆರಿಸುವಾಗ ನಿಜವಾಗಿ ಏನು ನೋಡಬೇಕು? ಯಾವ ವಯಸ್ಸಿಗೆ, ಎಷ್ಟು ಜನರನ್ನು ತೆಗೆದುಕೊಳ್ಳಬೇಕು? ಬಿಟ್ಟುಹೋದ ಹುಡುಗನಿಗೆ ನಾನೇನು ಹೇಳಲಿ?

ಉತ್ತರ: ನೀವು ಕೇಳಿದ್ದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದರೆ ಉಳಿದದ್ದನ್ನು ಮೊದಲು ಮಾತಾಡಿಕೊಳ್ಳಬೇಕು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಯ್ಕೆ ಮಾಡಲು ಕೂತವರ ಮುಂದೆ ಎರಡು ಬೇರೆ ಬೇರೆ ಕೆಲಸ ಇರುತ್ತವೆ. ಈ ವರ್ಷದ ಪಂದ್ಯಗಳಿಗೆ ತಂಡ ಕಟ್ಟುವುದು ಒಂದು. ಆರೇಳು ವರ್ಷ ಆದಮೇಲೆ ಆಡುವವರನ್ನು ಈಗಲೇ ಹುಡುಕಿಡುವುದು ಇನ್ನೊಂದು. ಹದಿನೆಂಟರ ಹುಡುಗ ಎದುರಿಗೆ ನಿಂತಾಗ ಇವೆರಡೂ ಕಲಸಿಹೋಗುತ್ತವೆ. ಇವತ್ತು ಹೇಗೆ ಆಡುತ್ತಾನೆ ಅನ್ನುವುದನ್ನು ನೋಡಿ, ಮುಂದೆ ಹೇಗೆ ಆಡುತ್ತಾನೆ ಎಂದು ತೀರ್ಮಾನ ಮಾಡಿಬಿಡುತ್ತೇವೆ. ನಾನು ಕಂಡ ತಪ್ಪು ಆಯ್ಕೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲೇ. ನಾನೇ ಮಾಡಿದವೂ ಅದರಲ್ಲಿವೆ.

ಮೊದಲು ಎತ್ತರದ ಮಾತು ಮುಗಿಸೋಣ. ಗಂಡಸರ ಆಟದಲ್ಲಿ ನೆಟ್ 2.43 ಮೀಟರ್ ಎತ್ತರದಲ್ಲಿರುತ್ತದೆ. ದೊಡ್ಡ ಮಟ್ಟದ ಅಟ್ಯಾಕರ್, ಅಂದರೆ ಬಾಲ್ ಹೊಡೆಯುವವನು, ಓಡಿ ಬಂದು ಜಿಗಿದಾಗ ಅವನ ಕೈ 3.40, 3.50 ಮೀಟರ್‌ವರೆಗೆ ಹೋಗುತ್ತದೆ. ಎತ್ತರ ಲೆಕ್ಕಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅಳೆಯಬೇಕಾದ್ದು ತಲೆಯ ಎತ್ತರವನ್ನಲ್ಲ. ಕೈ ಮೇಲೆತ್ತಿ ನಿಂತಾಗ ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು ಅಳೆಯಬೇಕು. ಒಂದೇ ಎತ್ತರದ ಇಬ್ಬರ ನಡುವೆ ತೋಳಿನ ಉದ್ದದಿಂದಲೇ ಹಲವು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಆಮೇಲೆ ಜಿಗಿತದ ಅಳತೆ. ಅದನ್ನು ಬೆಳಗ್ಗೆ ಹೊಸ ಉಸಿರಿನಲ್ಲಿ ಒಮ್ಮೆ, ಮೂರು ಸೆಟ್ ಆಡಿ ದಣಿದಮೇಲೆ ಇನ್ನೊಮ್ಮೆ ತೆಗೆದುಕೊಳ್ಳಿ. ಐದನೇ ಸೆಟ್ ಆಡಬೇಕಾದವನ ಬಗ್ಗೆ ಹೇಳುವುದು ಆ ಎರಡನೇ ಅಂಕಿಯೇ.

ಜಪಾನ್ ತಂಡವನ್ನೇ ನೋಡಿ. ಯೂಜಿ ನಿಶಿದಾ 1.86 ಮೀಟರ್, ರಾನ್ ತಕಹಾಶಿ 1.88, ಹೊಡೆಯುವವರಿಗೆ ಬಾಲ್ ಎತ್ತಿಕೊಡುವ ಸೆಟ್ಟರ್ ಮಸಾಹಿರೊ ಸೆಕಿತಾ 1.75. ಇಂಥವರನ್ನು ಇಟ್ಟುಕೊಂಡ ಆ ತಂಡ ನೇಷನ್ಸ್ ಲೀಗ್‌ನಲ್ಲಿ 2023ರಲ್ಲಿ ಕಂಚು, 2024ರಲ್ಲಿ ಬೆಳ್ಳಿ ಗೆದ್ದಿತು. ನಿಶಿದಾ 2018ರಲ್ಲಿ ಹಿರಿಯರ ತಂಡಕ್ಕೆ ಬಂದಾಗ ಹದಿನೆಂಟು ವರ್ಷದವನು. ಎತ್ತರದ ಪಟ್ಟಿ ನೋಡಿ ಆರಿಸಿದ್ದರೆ ಇವರಲ್ಲಿ ಒಬ್ಬರೂ ಬರುತ್ತಿರಲಿಲ್ಲ, ಅಲ್ವಾ?

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಒಂದು ವಿಷಯ. ಹದಿಮೂರು, ಹದಿನಾಲ್ಕರಲ್ಲಿ ಒಬ್ಬ ಹುಡುಗ ಉಳಿದವರಿಗಿಂತ ಒಂದು ಗೇಣು ಎತ್ತರ ಇರುತ್ತಾನೆ. ಕೋಚ್ ಅವನನ್ನು ನೇರವಾಗಿ ಮಿಡಲ್ ಬ್ಲಾಕರ್ ಮಾಡುತ್ತಾರೆ, ಅಂದರೆ ನೆಟ್ ನಡುವೆ ನಿಂತು ಎದುರಾಳಿಯ ಹೊಡೆತ ತಡೆಯುವವನು. ಮಿಡಲ್ ಹಿಂದಿನ ಸಾಲಿಗೆ ಹೋದಾಗ ಅವನ ಜಾಗಕ್ಕೆ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡುವವನು, ಬರುತ್ತಾನೆ. ಹಾಗಾಗಿ ಆ ಹುಡುಗ ಸರ್ವ್ ರಿಸೀವ್ ಮಾಡುವುದೇ ಇಲ್ಲ. ಹಿಂದೆ ನಿಂತು ಬಾಲ್ ಎತ್ತುವುದೂ ಇಲ್ಲ. ನೆಟ್ ಪಕ್ಕ ಜಿಗಿಯುತ್ತಾ, ಹೊಡೆಯುತ್ತಾ ನಾಲ್ಕು ವರ್ಷ ಕಳೆಯುತ್ತವೆ. ಅಷ್ಟರಲ್ಲಿ ಅವನ ಬೆಳವಣಿಗೆ 1.94ಕ್ಕೆ ನಿಂತಿರುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಮಿಡಲ್ ಬ್ಲಾಕರ್‌ಗಳು ಸಾಮಾನ್ಯವಾಗಿ ಎರಡು ಮೀಟರ್ ಅಥವಾ ಅದಕ್ಕೂ ಮೇಲೆ. ಅಲ್ಲಿ ಅವನು ಗಿಡ್ಡ. ನೆಟ್‌ನ ಬದಿಯಿಂದ ಹೊಡೆಯುವವನಾಗಿ ಆಡೋಣ ಅಂದರೆ ಅಲ್ಲಿ ರಿಸೀವ್ ಮಾಡಲೇಬೇಕು, ಅದು ಅವನಿಗೆ ಬರುವುದಿಲ್ಲ. ಹತ್ತೊಂಬತ್ತಕ್ಕೆ ಅವನಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಹೀಗೆ ಕಳೆದುಹೋದ ಹುಡುಗರನ್ನು ನಾನು ಒಬ್ಬಿಬ್ಬರಲ್ಲ, ತುಂಬ ಜನರನ್ನು ಕಂಡಿದ್ದೇನೆ. ಅವರ ತಪ್ಪು ಏನೂ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಎತ್ತರ ಇದ್ದರು, ಅಷ್ಟೇ.

ಅದಕ್ಕೇ ಹೇಳುವುದು, ಹದಿನೇಳರವರೆಗೆ ಪ್ರತಿಯೊಬ್ಬನೂ ರಿಸೀವ್ ಮಾಡಲಿ. ಎಷ್ಟೇ ಎತ್ತರ ಇರಲಿ. ಆಯ್ಕೆ ಶಿಬಿರದಲ್ಲೂ ಮಿಡಲ್‌ಗಳನ್ನು ಹಿಂದಕ್ಕೆ ನಿಲ್ಲಿಸಿ ಬಾಲ್ ಎತ್ತಿಸಿ ನೋಡಿ. ಇಟಲಿಯ ಅಲೆಸ್ಸಾಂದ್ರೊ ಮಿಕಿಯೆಲೆತ್ತೊ ಎರಡು ಮೀಟರ್‌ಗಿಂತ ಎತ್ತರ. ಆದರೂ ಅವನು ಬದಿಯಿಂದ ಆಡುತ್ತಾನೆ, ಪಂದ್ಯಪೂರ್ತಿ ಎದುರಾಳಿಯ ಸರ್ವ್ ತೆಗೆದುಕೊಳ್ಳುತ್ತಾನೆ. ಅಷ್ಟು ಎತ್ತರದವನಿಗೆ ಚಿಕ್ಕಂದಿನಲ್ಲಿ ಯಾರೋ ತಾಳ್ಮೆಯಿಂದ ಪಾಸ್ ಕಲಿಸಿದ್ದಾರೆ.

ಎತ್ತರದ ಜೊತೆಗೇ ಬರುವ ಇನ್ನೊಂದು ಮೋಸ ವಯಸ್ಸಿನದ್ದು. ಗಂಡುಹುಡುಗರು ಅತಿ ವೇಗವಾಗಿ ಎತ್ತರವಾಗುವುದು ಸಾಧಾರಣವಾಗಿ ಹದಿನಾಲ್ಕರ ಆಸುಪಾಸಿನಲ್ಲಿ. ಕೆಲವರಿಗೆ ಅದು ಹನ್ನೆರಡಕ್ಕೇ ಬರುತ್ತದೆ, ಕೆಲವರಿಗೆ ಹದಿನಾರಾದರೂ ಮುಗಿದಿರುವುದಿಲ್ಲ. ಬೇಗ ಬೆಳೆದವನು ಹದಿನಾರರಲ್ಲಿ ಗಂಡಸಿನ ಮೈಯಲ್ಲಿ ಆಡುತ್ತಿರುತ್ತಾನೆ. ತಡವಾಗಿ ಬೆಳೆಯುವವನು ಅವನೆದುರು ಮಗುವಿನಂತೆ ಕಾಣುತ್ತಾನೆ. ಹುಟ್ಟಿದ ತಿಂಗಳೂ ಹೀಗೆಯೇ ಕೆಲಸ ಮಾಡುತ್ತದೆ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚುಕಡಿಮೆ ಒಂದು ವರ್ಷ ಅಂತರ, ಆದರೆ ಇಬ್ಬರೂ ಒಂದೇ ವಯೋಮಿತಿಯಲ್ಲಿ ಆಡುತ್ತಾರೆ. ಕಿರಿಯರ ತಂಡಗಳ ಪಟ್ಟಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಹೆಚ್ಚಿರುವುದು ಹಲವು ಆಟಗಳಲ್ಲಿ ಕಂಡುಬಂದಿದೆ. ನಾನು ಶಿಬಿರದಲ್ಲಿ ಮಾಡುತ್ತಿದ್ದ ಕೆಲಸ ಸರಳ. ಹೆಸರಿನ ಪಕ್ಕ ಹುಟ್ಟಿದ ದಿನಾಂಕ, ಅಪ್ಪ ಅಮ್ಮನ ಎತ್ತರ, ಹಿಂದಿನ ವರ್ಷದಿಂದ ಎಷ್ಟು ಸೆಂಟಿಮೀಟರ್ ಬೆಳೆದಿದ್ದಾನೆ, ಈ ಮೂರನ್ನು ಬರೆದಿಡುತ್ತಿದ್ದೆ. ಇನ್ನೂ ಬೆಳೆಯುತ್ತಿರುವವನನ್ನು ಆಗಲೇ ಬೆಳೆದು ನಿಂತವನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಕಣ್ಣಿಟ್ಟು ನೋಡಬೇಕಾದ್ದೇನು? 2007ರಲ್ಲಿ ಪ್ರಕಟವಾದ ಒಂದು ಆಸ್ಟ್ರೇಲಿಯನ್ ಅಧ್ಯಯನ ನನಗೆ ಯಾವಾಗಲೂ ನೆನಪಾಗುತ್ತದೆ. ಕಿರಿಯ ವಾಲಿಬಾಲ್ ಆಟಗಾರರ ಆಯ್ಕೆಯ ಸಂದರ್ಭದಲ್ಲಿ ಎತ್ತರ, ತೂಕ, ಜಿಗಿತ, ವೇಗ, ಕೌಶಲ ಎಲ್ಲವನ್ನೂ ಅಳೆದರು. ಆಯ್ಕೆಯಾದವರನ್ನು ಆಗದವರಿಂದ ಬೇರೆ ಮಾಡಿ ತೋರಿಸಿದ್ದು ಪಾಸ್ ಮತ್ತು ಸರ್ವ್ ಮಾಡುವ ತಂತ್ರ. ಮೈಯ ಅಳತೆಗಳು ಆ ಕೆಲಸ ಮಾಡಲಿಲ್ಲ. ಶಿಬಿರದವರೆಗೆ ಬಂದವರೆಲ್ಲ ಹೇಗೂ ಎತ್ತರ ಇರುತ್ತಾರೆ, ಜಿಗಿಯುತ್ತಾರೆ. ಅವರವರೊಳಗೆ ವ್ಯತ್ಯಾಸ ಮಾಡುವುದು ಬಾಲ್ ಮೇಲಿನ ಕೈ.

ಅಟ್ಯಾಕರ್‌ಗಳನ್ನು ನೋಡುವಾಗ ಒಂದು ಚಿಕ್ಕ ಲೆಕ್ಕ ಇಟ್ಟುಕೊಳ್ಳಿ. ಒಬ್ಬನಿಗೆ 20 ಬಾಲ್ ಸಿಕ್ಕವು. 10 ಪಾಯಿಂಟ್ ತಂದ, 6 ಬಾಲ್ ಹೊರಗೆ ಹೊಡೆದ ಅಥವಾ ಬ್ಲಾಕ್‌ಗೆ ಕೊಟ್ಟ. ಹತ್ತರಲ್ಲಿ ಆರು ಕಳೆದು ಇಪ್ಪತ್ತರಿಂದ ಭಾಗಿಸಿದರೆ 0.20. ಇನ್ನೊಬ್ಬ ಅಷ್ಟೇ ಬಾಲ್‌ನಲ್ಲಿ 8 ಪಾಯಿಂಟ್ ತಂದ, ಕಳೆದದ್ದು ಒಂದೇ. ಅವನದು 0.35. ನೋಡುವವರಿಗೆ ಮೊದಲನೆಯವನ ಸ್ಮ್ಯಾಶ್‌ಗಳೇ ನೆನಪಿರುತ್ತವೆ. ಈಗಿನ ಪದ್ಧತಿಯಲ್ಲಿ ಪ್ರತಿ ತಪ್ಪೂ ಎದುರಾಳಿಗೆ ಒಂದು ಪಾಯಿಂಟ್. ತಂಡಕ್ಕೆ ಜಾಸ್ತಿ ಕೊಟ್ಟವನು ಎರಡನೆಯವನು. ರಿಸೀವ್‌ಗೂ ಹೀಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾ ಹೋಗಿ. ಸೆಟ್ಟರ್ ನಿಂತಲ್ಲೇ ಯಾರಿಗೆ ಬೇಕಾದರೂ ಬಾಲ್ ಕೊಡುವಂತೆ ಪಾಸ್ ಬಂದರೆ ಮೂರು, ಕೈತಪ್ಪಿ ಪಾಯಿಂಟ್ ಹೋದರೆ ಸೊನ್ನೆ.

ಆದರೆ ಅಂಕಿಯಲ್ಲಿ ಸಿಗದ ಒಂದು ಗುಣವಿದೆ. ನಾನು ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಹುಡುಗನಿಗೆ ಒಂದು ತಿದ್ದುಪಡಿ ಹೇಳಿ. "ಕೊನೆಯ ಹೆಜ್ಜೆ ಸ್ವಲ್ಪ ತಡವಾಗಿ ಇಡು" ಎನ್ನಿ, ಸಾಕು. ಆಮೇಲೆ ಸುಮ್ನೆ ನಿಂತು ಹತ್ತು ಬಾಲ್ ನೋಡಿ. ಕೆಲವರು ಮೊದಲ ಎರಡು ಬಾಲ್ ಹಾಳುಮಾಡಿ, ಮೂರನೆಯದರಲ್ಲಿ ಹುಡುಕಿಕೊಂಡು, ಎಂಟನೆಯದಕ್ಕೆ ತಮ್ಮದಾಗಿಸಿಕೊಳ್ಳುತ್ತಾರೆ. ಕೆಲವರು ಎರಡು ಬಾಲ್ ತಪ್ಪಿದ ಕೂಡಲೇ ಹಳೆಯ ಅಭ್ಯಾಸಕ್ಕೆ ಮರಳುತ್ತಾರೆ, ಯಾಕೆಂದರೆ ಆಯ್ಕೆದಾರರು ನೋಡುತ್ತಿದ್ದಾರೆ ಎಂಬ ಭಯ. ಮರುದಿನ ಬೆಳಗ್ಗೆ ಏನೂ ಹೇಳದೆ ಮತ್ತೆ ನೋಡಿ. ತಿದ್ದಿದ್ದು ಉಳಿದಿದೆಯಾ? ಹದಿನೆಂಟರವನು ಇಪ್ಪತ್ತೈದಕ್ಕೆ ಎಲ್ಲಿಗೆ ತಲುಪುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗಂತೂ ಸಿಕ್ಕಿಲ್ಲ.

ಹಾಗಾಗಿ ಒಂದು ದಿನದ ಟ್ರಯಲ್ಸ್ ನನಗೆ ಒಪ್ಪಿಗೆಯಿಲ್ಲ. ಕನಿಷ್ಠ ಮೂರು ದಿನ ಬೇಕು. ಮೊದಲ ದಿನ ಎಲ್ಲರೂ ತೋರಿಸಿಕೊಳ್ಳುತ್ತಾರೆ. ಮೂರನೇ ದಿನ ಕಾಲು ಭಾರವಾಗಿರುತ್ತದೆ, ಆಗ ನಿಜ ಆಟ ಹೊರಬರುತ್ತದೆ. ಅವತ್ತು ಸ್ಕೋರ್ ಬೋರ್ಡನ್ನು 23-23ಕ್ಕೆ, ಅಂದರೆ ಗೆಲ್ಲಲು ಎರಡೇ ಪಾಯಿಂಟ್ ಬೇಕಿರುವಲ್ಲಿ, ಇಟ್ಟು ಸೆಟ್ ಶುರುಮಾಡಿಸಿ, ಹತ್ತು ಸಲ. ಯಾರು ಸರ್ವ್‌ಗೆ ತಾವೇ ಮುಂದೆ ಬರುತ್ತಾರೆ, ಯಾರ ಕಣ್ಣು ನೆಲ ನೋಡುತ್ತದೆ, ಪಾಯಿಂಟ್ ಕಳೆದವನ ಹೆಗಲು ಯಾರು ತಟ್ಟುತ್ತಾರೆ, ಎಲ್ಲ ಕಾಣುತ್ತದೆ. ಇನ್ನೊಂದು ಮಾತು. ಆಯ್ಕೆದಾರರು ತಮ್ಮ ಅಂಕಗಳನ್ನು ಬೇರೆ ಬೇರೆ ಕೂತು ಬರೆದು ಕೊಡಬೇಕು, ಆಮೇಲೆ ಮಾತಾಡಬೇಕು. ಮೊದಲೇ ಮಾತಿಗಿಳಿದರೆ ಹಿರಿಯರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗುತ್ತದೆ.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬಹಳ ಹಿಂದೆ ಒಂದೇ ದಿನದ ಟ್ರಯಲ್ಸ್‌ನಲ್ಲಿ ಒಬ್ಬ ಸೆಟ್ಟರ್ ಹುಡುಗನನ್ನು ಬಿಟ್ಟೆ. ಅವನು ಎತ್ತಿಕೊಟ್ಟ ಬಾಲ್‌ಗಳು ಎತ್ತರ ತಪ್ಪುತ್ತಿದ್ದವು. ಅವತ್ತು ಅವನ ಮುಂದೆ ಇದ್ದ ಅಟ್ಯಾಕರ್‌ಗಳನ್ನು ಅವನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಪಾಸ್‌ಗಳೂ ಕೆಟ್ಟದಾಗಿ ಬರುತ್ತಿದ್ದವು. ಅಂಥ ಪಾಸ್‌ಗೂ ಅವನು ಓಡಿ ಬಾಲ್ ಕೆಳಗೆ ತಲುಪುತ್ತಿದ್ದ. ಅದನ್ನು ನಾನು ಗಮನಿಸಲಿಲ್ಲ. ಎರಡು ವರ್ಷದ ನಂತರ ಅವನು ಆಟ ಬಿಟ್ಟ ಎಂದು ತಿಳಿಯಿತು. ಅವತ್ತಿನಿಂದ ಸೆಟ್ಟರ್‌ಗಳನ್ನು ಅವರಿಗೆ ಗೊತ್ತಿರುವ ಅಟ್ಯಾಕರ್ ಜೊತೆ ಒಂದು ದಿನ, ಗೊತ್ತಿಲ್ಲದವರ ಜೊತೆ ಒಂದು ದಿನ ಆಡಿಸಿಯೇ ನೋಡುತ್ತೇನೆ.

ಯಾವ ವಯಸ್ಸಿಗೆ ಎಂದು ಕೇಳಿದ್ದೀರಿ. ಒಂದೇ ಉತ್ತರ ಇಲ್ಲ. ವಿಲ್ಫ್ರೆಡೊ ಲಿಯೋನ್ 2010ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ಯೂಬಾ ಬೆಳ್ಳಿ ಗೆದ್ದಾಗ ಹದಿನೇಳು ವರ್ಷದವನು. ಸೆಟ್ಟರ್‌ಗಳು ತಡವಾಗಿ ಪಳಗುತ್ತಾರೆ ಅನ್ನುವುದು ಸಾಮಾನ್ಯ ಅನುಭವ. ಆದರೆ ಇಟಲಿಯ ಸಿಮೋನೆ ಜನೆಲ್ಲಿ 2016ರ ರಿಯೊ ಒಲಿಂಪಿಕ್ಸ್ ಬೆಳ್ಳಿ ತಂಡದ ಸೆಟ್ಟರ್ ಆಗಿದ್ದ. ಅವನಿಗೆ ಇಪ್ಪತ್ತು ತುಂಬಿದ್ದು ಆ ಒಲಿಂಪಿಕ್ಸ್ ನಡೆಯುತ್ತಿದ್ದಾಗಲೇ. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಲ್ಗೇರಿಯಾ ಫೈನಲ್‌ಗೆ ಬಂದಾಗ ಅದರ ಸೆಟ್ಟರ್ ಸಿಮೆಯೋನ್ ನಿಕೊಲೊವ್‌ಗೆ ಹದಿನೆಂಟು. ಇವರೆಲ್ಲ ಅಪರೂಪದವರು. ಇವರನ್ನು ನೋಡಿ ನಮ್ಮ ಹುಡುಗನೂ ಹದಿನೆಂಟಕ್ಕೇ ಬರಬೇಕು ಎಂದು ಆತುರಪಡಬಾರದು.

ಪೋಲೆಂಡ್‌ನಲ್ಲಿ 1997ರಲ್ಲಿ ಹುಟ್ಟಿದವರ ಒಂದು ಗುಂಪಿತ್ತು. 2015ರಲ್ಲಿ 19ರೊಳಗಿನ ವಿಶ್ವ ಪ್ರಶಸ್ತಿ, 2017ರಲ್ಲಿ 21ರೊಳಗಿನ ವಿಶ್ವ ಪ್ರಶಸ್ತಿ, ಎರಡನ್ನೂ ಗೆದ್ದರು. ಅವರಲ್ಲಿ ಯಾಕುಬ್ ಕೊಹಾನೊವ್ಸ್ಕಿ, ಬಾರ್ತೊಶ್ ಕ್ವೊಲೆಕ್ 2018ರಲ್ಲೇ ಹಿರಿಯರ ವಿಶ್ವ ಚಾಂಪಿಯನ್ ತಂಡದಲ್ಲಿದ್ದರು. ಅದೇ ಗುಂಪಿನ ತೊಮಾಶ್ ಫೊರ್ನಾಲ್ ಮೊದಲ ಒಲಿಂಪಿಕ್ಸ್ ಆಡಿದ್ದು 2024ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ. ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ಆ ತಂಡದಲ್ಲಿ ಅವನು ಮುಖ್ಯ ಆಟಗಾರ. ಒಂದೇ ವರ್ಷ ಹುಟ್ಟಿ ಒಟ್ಟಿಗೆ ಕಲಿತ ಹುಡುಗರು ಇಷ್ಟು ಬೇರೆ ಬೇರೆ ಹೊತ್ತಿಗೆ ಹಣ್ಣಾದರು. ತಡವಾದವನನ್ನು ಪಟ್ಟಿಯಿಂದ ಹೊಡೆದುಹಾಕದೆ ಉಳಿಸಿಕೊಂಡದ್ದು ಅಲ್ಲಿಯವರ ಜಾಣತನ.

ಕಿರಿಯರ ಪದಕ ಬಂತು ಎಂದರೆ ಹಿರಿಯರ ತಂಡ ತಾನೇ ಸಿದ್ಧವಾಗುತ್ತದೆ ಎಂದೂ ತಿಳಿಯಬೇಡಿ. ಇರಾನ್ 2019ರಲ್ಲಿ, ಮತ್ತೆ 2023ರಲ್ಲಿ 21ರೊಳಗಿನ ವಿಶ್ವ ಚಾಂಪಿಯನ್ ಆಯಿತು. ಅದರ ಹಿರಿಯರ ತಂಡಕ್ಕೆ 2024ರ ಒಲಿಂಪಿಕ್ಸ್‌ಗೆ ಅರ್ಹತೆ ಸಿಗಲಿಲ್ಲ. ಇಪ್ಪತ್ತೊಂದರಿಂದ ಇಪ್ಪತ್ನಾಲ್ಕರ ನಡುವೆ ಹುಡುಗರಿಗೆ ದಿನವೂ ಗಟ್ಟಿ ಎದುರಾಳಿಗಳು ಬೇಕು. ಜಪಾನ್‌ನ ಯೂಕಿ ಇಶಿಕಾವಾ 2014ರಲ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಇಟಲಿಯ ಲೀಗ್‌ಗೆ ಹೋದ, ತಕಹಾಶಿಯೂ ಓದುತ್ತಿರುವಾಗಲೇ ಹೋದ. ಆಯ್ಕೆ ಎಂದರೆ ಪಟ್ಟಿ ಓದುವುದಷ್ಟೇ ಆಗಬಾರದು. ಮುಂದಿನ ವರ್ಷ ಅವನು ಎಲ್ಲಿ, ಯಾರ ಎದುರು, ಎಷ್ಟು ಪಂದ್ಯ ಆಡುತ್ತಾನೆ ಅನ್ನುವುದನ್ನೂ ಅವತ್ತೇ ಯೋಚಿಸಿರಬೇಕು.

ಎಷ್ಟು ಜನ ಅನ್ನುವ ಪ್ರಶ್ನೆಗೆ ನನ್ನ ಲೆಕ್ಕ ಹೀಗೆ. ವಿಶ್ವ ಚಾಂಪಿಯನ್‌ಷಿಪ್‌ಗೆ 14 ಆಟಗಾರರ ತಂಡ. ಅದರಲ್ಲಿ ಮೂವರು ಅಥವಾ ನಾಲ್ವರು ಕಿರಿಯರು ಇರಬಹುದು, ಆದರೆ ಪ್ರತಿಯೊಬ್ಬನಿಗೂ ಒಂದು ನಿಜವಾದ ಕೆಲಸ ಇರಬೇಕು. ಒಬ್ಬ ಸರ್ವ್‌ಗಾಗಿ ಒಳಗೆ ಹೋಗಲಿ. ಗಿಡ್ಡ ಸೆಟ್ಟರ್ ಮುಂದಿನ ಸಾಲಿಗೆ ಬಂದಾಗ ಅವನ ಬದಲು ಇನ್ನೊಬ್ಬ ಬ್ಲಾಕ್‌ಗಾಗಿ ಹೋಗಲಿ. ಪ್ರತಿ ಸೆಟ್‌ನಲ್ಲಿ ಆರು ಬದಲಾವಣೆ ಮಾಡಬಹುದು, ಅದಕ್ಕೆ ಜಾಗ ಇದ್ದೇ ಇದೆ. ಏನೂ ಕೆಲಸ ಇಲ್ಲದೆ ಎರಡು ತಿಂಗಳು ಬೆಂಚಿನ ಮೇಲೆ ಕೂತ ಹುಡುಗ, ತನ್ನ ವಯಸ್ಸಿನವರ ತಂಡದಲ್ಲಿ ಇದ್ದಿದ್ದರೆ ಆ ಹೊತ್ತಿಗೆ ಹಲವು ಪಂದ್ಯ ಪೂರ್ತಿ ಆಡಿರುತ್ತಿದ್ದ. 2021ರಲ್ಲಿ ಇಟಲಿ ಟೋಕಿಯೊ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಸೋತು, ಕೆಲವೇ ವಾರಗಳಲ್ಲಿ ಹೊಸ ಕೋಚ್ ಫರ್ದಿನಾಂದೊ ದೆ ಜಾರ್ಜಿ ಕೈಯಲ್ಲಿ ಎಳೆಯರೇ ಹೆಚ್ಚಿದ್ದ ತಂಡದೊಂದಿಗೆ ಯುರೋಪಿಯನ್ ಚಾಂಪಿಯನ್ ಆಯಿತು. ಮರುವರ್ಷ ವಿಶ್ವ ಚಾಂಪಿಯನ್. ಆ ಎಳೆಯರು ಬೆಂಚಿನಲ್ಲಿ ಕಾಯಲಿಲ್ಲ, ಮೊದಲ ಆರರಲ್ಲೇ ಆಡಿದರು. ಮತ್ತೆ ಅವರ ನಡುವೆ ದಾರಿ ತೋರಿಸಲು ಜನೆಲ್ಲಿಯಂಥ ಅನುಭವಸ್ಥ ಇದ್ದ.

ಮೊಣಕಾಲಿನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುವ ತೊಂದರೆ ನಮ್ಮ ಆಟದ ದೊಡ್ಡ ಶಾಪ. ನಾರ್ವೆಯ ಉನ್ನತ ಮಟ್ಟದ ಆಟಗಾರರನ್ನು ಪರೀಕ್ಷಿಸಿದಾಗ ವಾಲಿಬಾಲ್ ಆಡುವ ಗಂಡಸರಲ್ಲಿ ಶೇ. 45ರಷ್ಟು ಜನರಿಗೆ ಅದು ಇತ್ತು. ಜಾಸ್ತಿ ಜಿಗಿಯುವವನಿಗೇ ಅಪಾಯ ಜಾಸ್ತಿ. ಎಲ್ಲರ ಕಣ್ಣಿಗೆ ಬಿದ್ದ ಹುಡುಗ ಕ್ಲಬ್‌ಗೂ ಆಡುತ್ತಾನೆ, ಕಿರಿಯರ ತಂಡಕ್ಕೂ ಆಡುತ್ತಾನೆ, ಹಿರಿಯರ ಶಿಬಿರಕ್ಕೂ ಹೋಗುತ್ತಾನೆ. ಅವನಿಗೆ ರಜೆ ಕೊಡುವವರು ಯಾರೂ ಇರುವುದಿಲ್ಲ. ಆಯ್ಕೆಯಾದ ನಿಮ್ಮ ಎತ್ತರದ ಹುಡುಗನ ವಿಷಯದಲ್ಲಿ ಆ ಕೆಲಸ ನೀವೇ ಮಾಡಬೇಕು. ವರ್ಷದಲ್ಲಿ ಕೆಲವು ವಾರ ಅವನು ಜಿಗಿಯಲೇಬಾರದು. ಅದನ್ನು ರಾಷ್ಟ್ರೀಯ ತಂಡದ ಕೋಚ್‌ಗೆ ಬರೆದು ತಿಳಿಸಿ. ಅವನು ಮಿಡಲ್ ಆಗಿದ್ದರೆ ವಾರಕ್ಕೆ ಮೂರು ದಿನವಾದರೂ ರಿಸೀವ್ ಮಾಡಿಸಿ.

ಈಗ ಆ ಇನ್ನೊಬ್ಬ ಹುಡುಗ. ಆಯ್ಕೆದಾರರು ಅವನನ್ನು ಬಿಟ್ಟದ್ದು ತಪ್ಪೋ ಸರಿಯೋ ಎಂದು ಅವನ ಆಟ ನೋಡದೆ ನಾನು ಹೇಳುವುದು ನ್ಯಾಯವಲ್ಲ. 1.89ರ ಬದಿ ಅಟ್ಯಾಕರ್‌ಗೆ ದಾರಿ ಇದೆ, ಆದರೆ ಅದು ಕಡಿದಾದ ದಾರಿ. ರಿಸೀವ್ ಒಂದರಿಂದಲೇ ಅವನು ಅಲ್ಲಿಗೆ ಹೋಗಲಾರ. ಎದುರಿನ ಎತ್ತರದ ಬ್ಲಾಕ್‌ನ ಬೆರಳಿಗೆ ತಾಗಿಸಿ ಹೊರಗೆ ಕಳಿಸುವ ಹೊಡೆತ ಬೇಕು, ಜೋರಾದ ಜಂಪ್ ಸರ್ವ್ ಬೇಕು. "ಲಿಬೆರೊ ಆಗು" ಎಂದು ಅವನಿಗೆ ಈಗಲೇ ಹೇಳಬೇಡಿ. ಅವನೇ ಬಯಸಿ ಕೇಳಿದರೆ ಬೇರೆ ಮಾತು.

ಅವನನ್ನು ಒಬ್ಬನನ್ನೇ ಕೂರಿಸಿಕೊಳ್ಳಿ, ಗುಂಪಿನ ಎದುರು ಬೇಡ. "ಬೇಜಾರು ಮಾಡ್ಕೋಬೇಡ" ಎಂದು ಶುರುಮಾಡಬೇಡಿ, ಅವನಿಗೆ ಬೇಜಾರಾಗಿದೆ, ಆಗಲಿ. ಯಾಕೆ ಬಿಟ್ಟರು ಎಂದು ಆಯ್ಕೆದಾರರನ್ನು ಕೇಳಿ ತಿಳಿದುಕೊಂಡು ಬನ್ನಿ, ಅದನ್ನು ಮುಚ್ಚಿಡದೆ ಹೇಳಿ. ಅವರು ಉತ್ತರ ಕೊಡದಿದ್ದರೆ ಮತ್ತೆ ಕೇಳಿ. ಆ ಉತ್ತರದ ಮೇಲೆ ಹುಡುಗನಿಗೆ ಹಕ್ಕಿದೆ. ಆಮೇಲೆ ಅವನ ರಿಸೀವ್ ಅಂಕ, ಹೊಡೆತದ ಲೆಕ್ಕ, ದಣಿದಾಗಿನ ಜಿಗಿತ, ಈ ಮೂರನ್ನು ಇವತ್ತಿನ ದಿನಾಂಕ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದು ಅವನ ಕೈಗೆ ಕೊಡಿ. ಆರು ತಿಂಗಳ ನಂತರದ ಒಂದು ದಿನಾಂಕವನ್ನೂ ಕೆಳಗೆ ಬರೆಯಿರಿ. ಅವತ್ತು ನೀವಿಬ್ಬರೂ ಮತ್ತೆ ಅಳೆಯುತ್ತೀರಿ.